ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಕ್ಕಳಿಗೆ ನಾನು ಕಲಿಸಿದ್ದು ಹೀಗೆ

ಮೂರು ವರ್ಷದಿಂದ ಪ್ರತಿ ಶನಿವಾರ ಆರರಿಂದ ಎಂಟನೇ ತರಗತಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಿದ್ದೇನೆ. 24 ಮಕ್ಕಳು, 8 ಹಳೆಯ ಕಂಪ್ಯೂಟರ್. ಯಾರ ಮನೆಯಲ್ಲೂ ಕಂಪ್ಯೂಟರ್ ಇಲ್ಲ. ಕೆಲವರ ಮನೆಯಲ್ಲಿ ಒಂದು ಫೋನ್ ಇದೆ, ಅದೂ ಅಪ್ಪ ಕೆಲಸ ಮುಗಿಸಿ ಬಂದ ಮೇಲೇ ಸಿಗೋದು.

ಮೊದಲ ತಿಂಗಳು ನಾನು ತಪ್ಪು ಮಾಡಿದೆ. ಸಿಪಿಯು ಅಂದ್ರೇನು, ಇನ್‌ಪುಟ್ ಅಂದ್ರೇನು ಅಂತ ಬರೆಸುತ್ತಾ ಕೂತೆ. ಮಕ್ಕಳು ಚೆನ್ನಾಗಿ ಬಾಯಿಪಾಠ ಮಾಡಿದರು. ಆದರೆ ಮೌಸ್ ಕೈಗೆ ಕೊಟ್ಟ ದಿನ ಒಬ್ಬ ಹುಡುಗ ಅದನ್ನು ಎರಡೇ ಬೆರಳಲ್ಲಿ, ಬಿಸಿ ಪಾತ್ರೆ ಹಿಡಿದ ಹಾಗೆ ಹಿಡಿದು, "ಸರ್, ಹಾಳಾದ್ರೆ?" ಅಂದ. ಆಗ ಗೊತ್ತಾಯ್ತು. ಮನೆಯಲ್ಲಿ ಒಂದು ವಸ್ತು ಕೆಟ್ಟರೆ ಇನ್ನೊಂದು ಬರೋದಿಲ್ಲ ಅಂತ ನೋಡಿಕೊಂಡೇ ಬೆಳೆದ ಮಕ್ಕಳು ಇವರು, ಮೊದಲು ಹೋಗಬೇಕಿದ್ದದ್ದು ಆ ಹೆದರಿಕೆ.

ಹಾಗಾಗಿ ಈಗ ಮೊದಲ ಪಾಠವೇ ಕೆಡಿಸೋದು. ಟಕ್ಸ್ ಪೇಂಟ್ ಅನ್ನೋ ಚಿತ್ರ ಬರೆಯುವ ತಂತ್ರಾಂಶ ತೆರೆದು ಒಂದು ಚಿತ್ರ ಬರೆಯಿರಿ, ಆಮೇಲೆ ಅದರ ಮೇಲೆ ಮನಸ್ಸಿಗೆ ಬಂದ ಹಾಗೆ ಗೀಚಿ ಹಾಳು ಮಾಡಿ, ಆಮೇಲೆ ಕಂಟ್ರೋಲ್ ಮತ್ತು ಝಡ್ ಒತ್ತಿ ಅಂತೀನಿ. ಚಿತ್ರ ವಾಪಸ್ ಬಂದಾಗ ಮಕ್ಕಳ ಮುಖ ನೋಡಬೇಕು ನೀವು! ಟಕ್ಸ್ ಪೇಂಟ್ ಉಚಿತ, ಇಂಟರ್‌ನೆಟ್ ಬೇಡ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ.

ಡಬಲ್ ಕ್ಲಿಕ್ ಮಕ್ಕಳಿಗೆ ನಿಜಕ್ಕೂ ಕಷ್ಟ. ಎರಡು ಒತ್ತುಗಳ ನಡುವೆ ಮೌಸ್ ಜರುಗಿಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಡಬಲ್ ಕ್ಲಿಕ್ ವೇಗ ಕಡಿಮೆ ಮಾಡಿಟ್ಟೆ, ಅರ್ಧ ಗೋಳು ಅಲ್ಲೇ ಮುಗೀತು. ಎಳೆದು ಬಿಡೋದು ಕಲಿಸೋಕೆ ಸಾಲಿಟೇರ್ ಇಸ್ಪೀಟ್ ಆಟ ಸಾಕು. 1990ರ ವಿಂಡೋಸ್ 3.0 ಕಾಲದಲ್ಲಿ ಎಷ್ಟೋ ದೊಡ್ಡವರ ಕೈ ಮೌಸಿಗೆ ಪಳಗಿದ್ದೂ ಅದೇ ಆಟದಲ್ಲಿ.

ಒಂದು ಕಂಪ್ಯೂಟರಿಗೆ ಮೂವರು. ಹಾಗೇ ಬಿಟ್ಟರೆ ಜೋರಿನವರು ಮೌಸ್ ಹಿಡ್ಕೊಂಡುಬಿಡ್ತಾರೆ, ಹೆಣ್ಣುಮಕ್ಕಳು ಹಿಂದೆ ನಿಂತು ನೋಡ್ತಾ ಇರ್ತಾರೆ. ಅದಕ್ಕೆ 7 ನಿಮಿಷಕ್ಕೊಮ್ಮೆ ಜಾಗ ಬದಲು. ಒಬ್ಬರ ಕೈಯಲ್ಲಿ ಮೌಸ್, ಒಬ್ಬರು ಏನು ಮಾಡಬೇಕು ಅಂತ ಬಾಯಲ್ಲಿ ಹೇಳಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಹೇಳುವವರು ಮೌಸ್ ಮುಟ್ಟುವಂತಿಲ್ಲ. ನಾನೂ ಅಷ್ಟೇ. ಮಗು ತಡವರಿಸುವಾಗ "ಕೊಡಿಲ್ಲಿ" ಅಂತ ಕಸಿದುಕೊಳ್ಳೋಕೆ ಕೈ ತಾನಾಗೇ ಹೋಗುತ್ತೆ, ಅದಕ್ಕೇ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ.

ಟೈಪಿಂಗ್‌ಗೆ ಪ್ರತಿ ಶನಿವಾರ 10 ನಿಮಿಷ, ಅದಕ್ಕಿಂತ ಜಾಸ್ತಿ ಬೇಡ. ಕಣ್ಣು ಮುಚ್ಚಿಸಿ ಎಫ್ ಮತ್ತು ಜೆ ಕೀ ಮೇಲಿನ ಸಣ್ಣ ಉಬ್ಬು ಹುಡುಕಿಸಿ, ತೋರುಬೆರಳು ಅಲ್ಲಿ ಕೂರಲಿ. ಆಮೇಲೆ ಸ್ಕ್ರ್ಯಾಚ್, ಅಂದ್ರೆ ಮಕ್ಕಳಿಗೆ ಪ್ರೋಗ್ರಾಮ್ ಬರೆಯೋದು ಕಲಿಸುವ ತಂತ್ರಾಂಶ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ಬಿಟ್ಟ ಇದರಲ್ಲಿ ಕೋಡ್ ಟೈಪ್ ಮಾಡಬೇಕಿಲ್ಲ, ಬ್ಲಾಕ್‌ಗಳನ್ನು ಎಳೆದು ಜೋಡಿಸಿದರಾಯ್ತು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಫೈಲ್ ಮತ್ತು ಫೋಲ್ಡರ್. ಫೋನಿನಲ್ಲಿ ಫೋಟೋ ತೆಗೆದರೆ ತಾನಾಗೇ ಎಲ್ಲೋ ಸೇರುತ್ತದೆ, ಎಲ್ಲಿಗೆ ಅಂತ ಯಾರೂ ಕೇಳೋದಿಲ್ಲ ಅಲ್ವಾ? ಇಲ್ಲಿ ಸೇವ್ ಮಾಡುವಾಗ ಹೆಸರೂ ಜಾಗವೂ ನೀವೇ ಹೇಳಬೇಕು. ಮುಂದಿನ ವಾರ ಬಂದು "ಸರ್, ನಂದು ಕಾಣ್ತಿಲ್ಲ" ಅಂತ ಅಳುವ ಹಾಗಿದ್ದವರು ನಾಲ್ಕೈದು ಮಂದಿ. ಆಮೇಲೆ ಪ್ರತಿಯೊಬ್ಬರಿಗೂ ಅವರ ಹೆಸರಿನ ಒಂದು ಫೋಲ್ಡರ್ ಅವರ ಕೈಯಿಂದಲೇ ಮಾಡಿಸಿದೆ, ವಾರವಾರವೂ ಅದೇ ಕಂಪ್ಯೂಟರಿನಲ್ಲಿ ಕೂರಿಸಿದೆ.

ಏಳನೇ ತರಗತಿಯ ಒಬ್ಬ ಹುಡುಗಿ ಬಂದ ಕೂಡಲೇ ಮೊದಲು ತನ್ನ ಫೋಲ್ಡರ್ ತೆರೆದು, ಒಳಗಿರೋದನ್ನು ಬೆರಳಿಟ್ಟು ಎಣಿಸಿ, ಮುಚ್ಚಿ, ಆಮೇಲೆ ಪಾಠಕ್ಕೆ ಕೂರುತ್ತಿದ್ದಳು. ಒಂದು ವಾರವೂ ತಪ್ಪಿಸಲಿಲ್ಲ. ಎಂಟನೇ ತರಗತಿ ಮುಗಿಸಿ ಹೋಗುವಾಗ "ಸರ್, ನನ್ನ ಫೋಲ್ಡರ್ ಅಳಿಸಬೇಡಿ" ಅಂದಳು. ಪೆನ್‌ಡ್ರೈವ್‌ಗೆ ಹಾಕಿ ಕೊಡಬಹುದಿತ್ತು, ಆದರೆ ಮನೆಯಲ್ಲಿ ಅದನ್ನು ಹಾಕಿ ನೋಡೋಕೆ ಕಂಪ್ಯೂಟರ್ ಇಲ್ವಲ್ಲ. ಹಾಗಾಗಿ ಮೂರನೇ ಕಂಪ್ಯೂಟರಿನಲ್ಲಿ ಅದು ಇನ್ನೂ ಹಾಗೇ ಇದೆ. ಯಾವ ಶನಿವಾರ ಬೇಕಾದರೂ ಬಂದು ತೆರೆಯಬಹುದು ಅಂತ ಹೇಳಿದ್ದೇನೆ, ಎರಡು ಸಲ ಬಂದೂ ಹೋಗಿದ್ದಾಳೆ.