ಟ್ರೇಲರಿನ ರಬ್ಬರ್ ಛಾವಣಿಯ ಸೋರಿಕೆಯನ್ನು ನಾನೇ ನಿಲ್ಲಿಸಿದ ಬಗೆ

ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆಯಂಥ ನಮ್ಮ ಟ್ರಾವೆಲ್ ಟ್ರೇಲರಿನ ಸೀಲಿಂಗಿನಲ್ಲಿ, ಹಾಸಿಗೆಯ ತಲೆಭಾಗಕ್ಕೆ ನೇರವಾಗಿ ಮೇಲೆ, ಅಂಗೈಯಗಲದ ಕಂದು ಕಲೆಯೊಂದು ಕಾಣಿಸಿಕೊಂಡಿತು. ನಾನು ಏಣಿ ಹಾಕಿಕೊಂಡು ಹತ್ತಿ, ಆ ಕಲೆಯ ಮೇಲೆಯೇ ಇರಬೇಕಾದ ರಂಧ್ರಕ್ಕಾಗಿ ಅರ್ಧ ದಿನ ಹುಡುಕಿದೆ. ಅಲ್ಲಿ ರಬ್ಬರ್ ಹಾಳೆಗೆ ಏನೂ ಆಗಿರಲಿಲ್ಲ. ಇಂಥ ಛಾವಣಿಯ ರಚನೆಯನ್ನು ಮೊದಲು ಯೋಚಿಸಿದ್ದರೆ ಆ ಅರ್ಧ ದಿನ ಉಳಿಯುತ್ತಿತ್ತು. ಸೀಲಿಂಗಿನ ಮೇಲೆ ಅಡ್ಡಪಟ್ಟಿಗಳು, ಅವುಗಳ ಮೇಲೆ ತೆಳ್ಳಗಿನ ಪ್ಲೈವುಡ್, ಅದಕ್ಕೆ ಅಂಟಿಸಿದ ಒಂದು ಮಿಲಿಮೀಟರಿನಷ್ಟು ದಪ್ಪದ ರಬ್ಬರ್ ಹಾಳೆ ಇರುತ್ತವೆ. ಒಂದು ಸ್ಕ್ರೂವಿನ ತೂತಿನಿಂದ ಇಳಿದ ನೀರು ಹಲಗೆಯ ಮೇಲೆ ಇಳಿಜಾರು ಹಿಡಿದು, ಅಡ್ಡಪಟ್ಟಿಯೊಂದು ತಡೆದಲ್ಲಿ ನಿಂತು, ಸೀಲಿಂಗಿನಲ್ಲಿ ಸಂದು ಸಿಕ್ಕಲ್ಲಿ ತೊಟ್ಟಿಕ್ಕುತ್ತದೆ. ಕಲೆ ತೋರಿಸುವುದು ನೀರು ಹೊರಬಂದ ಜಾಗವನ್ನೇ ಹೊರತು ಒಳಹೊಕ್ಕ ಜಾಗವನ್ನಲ್ಲ.

ಹೀಗಾಗಿ ಹುಡುಕಾಟವನ್ನು ಬದಿಗಿಟ್ಟು ಮೊದಲು ಇಡೀ ಛಾವಣಿಯನ್ನು ತೊಳೆಯಲು ನಿರ್ಧರಿಸಿದೆ. ಕೂದಲೆಳೆಯಂಥ ಬಿರುಕುಗಳು ಕೊಳೆಯ ಅಡಿಯಲ್ಲಿ ಕಾಣುವುದೇ ಇಲ್ಲ. ತೊಳೆಯುವ ಮೊದಲು ಹಾಳೆ ಯಾವ ಜಾತಿಯದೆಂದು ತಿಳಿದಿರಬೇಕು. ಒದ್ದೆ ಬೆರಳಿನಿಂದ ಉಜ್ಜಿದಾಗ ಸೀಮೆಸುಣ್ಣದಂಥ ಬಿಳಿ ಪುಡಿ ಅಂಟಿತು. ಆಮೇಲೆ ವೆಂಟಿನ, ಅಂದರೆ ಗಾಳಿಯಾಡಲು ಛಾವಣಿಯಲ್ಲಿರುವ ಕಿಂಡಿಯ, ಕತ್ತರಿಸಿದ ಅಂಚಿನಲ್ಲಿ ನೋಡಿದಾಗ ಹಾಳೆಯ ಅಡಿಭಾಗ ಕಪ್ಪಾಗಿತ್ತು. ಇವೆರಡೂ ಇಪಿಡಿಎಂ ಎಂಬ ಕೃತಕ ರಬ್ಬರಿನ ಲಕ್ಷಣಗಳು. ಬಿಸಿಲಿಗೆ ಅದರ ಮೇಲ್ಪದರ ನಿಧಾನವಾಗಿ ಪುಡಿಯಾಗುವುದು ಸಹಜವೇ ಆಗಿದ್ದು, ಅದನ್ನು ಸೋರಿಕೆಯ ಕಾರಣವೆಂದು ಭಾವಿಸಬೇಕಾಗಿಲ್ಲ. ಟಿಪಿಒ ಎಂಬ ಇನ್ನೊಂದು ಬಗೆಯ ಹಾಳೆ ಹೀಗೆ ಪುಡಿ ಬಿಡುವುದಿಲ್ಲ. ಇಪಿಡಿಎಂಗೆ ಪೆಟ್ರೋಲಿಯಂ ದ್ರಾವಕಗಳು ಆಗಿಬರುವುದಿಲ್ಲ, ಅವು ತಾಗಿದಲ್ಲಿ ಹಾಳೆ ಉಬ್ಬಿ ಅಂಟು ಬಿಡುತ್ತದೆ. ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆ ಸೇರಿಸಿದ ಕ್ಲೀನರುಗಳನ್ನೂ ಇದೇ ಕಾರಣಕ್ಕೆ ದೂರವಿಡಬೇಕು. ಆದ್ದರಿಂದ ನಾನು ಬಳಸಿದ್ದು ಬಕೆಟ್ ನೀರಿನಲ್ಲಿ ಕಲಸಿದ ಪಾತ್ರೆ ತೊಳೆಯುವ ಸೌಮ್ಯ ದ್ರಾವಣ ಮತ್ತು ಉದ್ದ ಹಿಡಿಯ ಮೃದು ಬ್ರಷ್ ಮಾತ್ರ. ಪ್ರೆಷರ್ ವಾಷರನ್ನು ಛಾವಣಿಯ ಹತ್ತಿರಕ್ಕೂ ತರಲಿಲ್ಲ, ಏಕೆಂದರೆ ಸಡಿಲಗೊಂಡ ಅಂಚಿನ ಅಡಿಗೆ ನೀರನ್ನು ತಳ್ಳಲು ಅದಕ್ಕಿಂತ ಸಮರ್ಥವಾದ ಸಾಧನ ಇನ್ನೊಂದಿಲ್ಲ.

ಹಲಗೆ ಎಲ್ಲಿ ಮೆತ್ತಗಾಗಿದೆಯೋ ತಿಳಿಯದೆ ನೇರವಾಗಿ ಕಾಲಿಡುವುದು ಅಪಾಯ. ನಾನು ಎರಡು ದಪ್ಪ ಪ್ಲೈವುಡ್ ತುಂಡುಗಳ ಅಡಿಗೆ ಹಳೆಯ ಕಂಬಳಿ ಹಾಸಿ, ಒಂದರ ಮೇಲೆ ಮಂಡಿಯೂರಿ, ಇನ್ನೊಂದನ್ನು ಹಿಂದಕ್ಕೆ ಸರಿಸುತ್ತಾ, ಏಣಿಯ ಕಡೆಗೆ ಹಿಮ್ಮುಖವಾಗಿ ಬಂದೆ. ಸೋಪು ಬಿದ್ದ ರಬ್ಬರ್ ಪಾಚಿ ಕಟ್ಟಿದ ಬಂಡೆಯಷ್ಟೇ ಜಾರುತ್ತದೆ, ಅಂಚಿನಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ನಾನು ಎಡವಿದ್ದು ಬೇರೆ ಕಡೆ. ಪಕ್ಕದ ಗೋಡೆಗಳನ್ನು ಮೊದಲೇ ನೆನೆಸಿಡದೆ, ಮೇಲಿನ ಕೆಲಸ ಮುಗಿದ ಮೇಲೆ ತೊಳೆದರಾಯಿತೆಂದುಕೊಂಡಿದ್ದೆ. ಇಳಿದ ಬಿಳಿ ನೀರು ಬಿಸಿಲಿಗೆ ಅಲ್ಲೇ ಒಣಗಿತು. ಆ ಪಟ್ಟೆಗಳನ್ನು ತೆಗೆಯಲು ಛಾವಣಿ ತೊಳೆದುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಛಾವಣಿ ಒಣಗಿದ ಮೇಲೆ ಕಂಡದ್ದು ಸಂತೋಷ ಕೊಡುವ ದೃಶ್ಯವಾಗಿರಲಿಲ್ಲ. ಮುಂಭಾಗದಲ್ಲಿ ಒಂದು ಕೊಂಬೆ ಗೀರಿ ಮೂರು ಸೆಂಟಿಮೀಟರಿನಷ್ಟು ಹಾಳೆ ಹರಿದಿತ್ತು. ನಡುವಿನ ವೆಂಟಿನ ಸುತ್ತ ಸಂದು ಮುಚ್ಚಲು ಬಳಿದಿದ್ದ ಹಳೆಯ ಸೀಲಂಟ್ ಒಣಗಿದ ಕೆರೆಯ ಮಣ್ಣಿನಂತೆ ಸೀಳಿತ್ತು, ಅದರ ಮೇಲೆ ಎರಡು ವರ್ಷಗಳ ಹಿಂದೆ ನಾನೇ ಅವಸರದಲ್ಲಿ ಬಳಿದಿದ್ದ ಸಿಲಿಕೋನಿನ ಪಟ್ಟಿ ಒಂದು ಬದಿಯಲ್ಲಿ ನಾಲಿಗೆಯಂತೆ ಎದ್ದು ನಿಂತಿತ್ತು. ಸಿಲಿಕೋನ್ ಈ ರಬ್ಬರಿಗೆ ಬಹುಕಾಲ ಕಚ್ಚಿಕೊಳ್ಳುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಅದು ಬಿಟ್ಟುಹೋದ ಜಿಡ್ಡಿನ ಮೇಲೆ ಬೇರೆ ಯಾವ ಸೀಲಂಟೂ ನಿಲ್ಲುವುದಿಲ್ಲ.

ಅನುಮಾನಗಳು ಎರಡಿದ್ದುದರಿಂದ ನೀರಿನಲ್ಲೇ ಪರೀಕ್ಷಿಸಿದೆ. ಒಳಗೆ ಮನೆಯವರೊಬ್ಬರನ್ನು ಟಾರ್ಚಿನೊಂದಿಗೆ ನಿಲ್ಲಿಸಿ, ನಾನು ತಗ್ಗಿನ ಕಡೆಯಿಂದ ಆರಂಭಿಸಿ ಒಂದು ಬಾರಿಗೆ ಒಂದೇ ಜಾಗಕ್ಕೆ, ಹದಿನೈದು ನಿಮಿಷಗಳಂತೆ, ಪೈಪಿನಿಂದ ಮೆಲ್ಲನೆ ನೀರು ಬಿಟ್ಟೆ. ಎತ್ತರದಿಂದ ಶುರು ಮಾಡಿದರೆ ಹರಿದ ನೀರು ಎಲ್ಲ ಸಂದುಗಳನ್ನೂ ಒಟ್ಟಿಗೆ ನೆನೆಸಿ ಪರೀಕ್ಷೆಯನ್ನೇ ಕೆಡಿಸುತ್ತದೆ. ಕೊಂಬೆ ಗೀರಿದ ಜಾಗದಲ್ಲಿ ಏನೂ ಆಗಲಿಲ್ಲ. ವೆಂಟಿನ ಹಿಂಬದಿಗೆ ನೀರು ಬಿಟ್ಟ ಹನ್ನೊಂದನೆಯ ನಿಮಿಷಕ್ಕೆ ಒಳಗಿನಿಂದ ಕೂಗು ಬಂತು. ಕಲೆಗೂ ವೆಂಟಿಗೂ ನಡುವೆ ಒಂದೂವರೆ ಮೀಟರ್ ಅಂತರವಿತ್ತು.

ಹೀಗೆ ರಿಪೇರಿಯೆಂದರೆ ಬಹುಪಾಲು ವೆಂಟಿನ ರಿಪೇರಿಯೇ ಆಯಿತು. ಹಳೆಯ ಸೀಲಂಟನ್ನು ಹೀಟ್ ಗನ್ನಿನ ಕಡಿಮೆ ಶಾಖದಲ್ಲಿ ಮೆತ್ತಗಾಗಿಸಿ, ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಇಷ್ಟಿಷ್ಟೇ ಎಬ್ಬಿಸಿದೆ; ಲೋಹದ ಅಲಗು ಒಮ್ಮೆ ಜಾರಿದರೆ ಹೊಸ ಸೋರಿಕೆಯೊಂದು ಸಿದ್ಧವಾದಂತೆಯೇ. ಸಿಲಿಕೋನನ್ನು ಬೆರಳಿನಿಂದ ಉಜ್ಜುಜ್ಜಿ ಸುರುಳಿ ಮಾಡಿ ತೆಗೆಯಲು ಒಂದು ಸಂಜೆ ಪೂರ್ತಿ ಬೇಕಾಯಿತು. ಸ್ಕ್ರೂಗಳಲ್ಲಿ ನಾಲ್ಕು ತುಕ್ಕು ಹಿಡಿದಿದ್ದವು, ಎರಡು ತಿರುಗಿಸುವ ಮೊದಲೇ ಕೈಗೆ ಬಂದವು. ವೆಂಟನ್ನು ಎತ್ತಿದಾಗ ಹದಿನಾಲ್ಕು ಅಂಗುಲ ಚೌಕದ ಆ ಕಿಂಡಿಯ ಹಿಂಬದಿಯ ಅಂಚು ಕಪ್ಪಾಗಿ, ಸ್ಕ್ರೂಡ್ರೈವರಿನ ತುದಿಗೆ ಬೆಣ್ಣೆಯಂತೆ ಸಿಕ್ಕಿತು. ಸುದೈವಕ್ಕೆ ಕೊಳೆತ ಭಾಗ ನಾಲ್ಕು ಬೆರಳಿನ ಅಗಲವನ್ನು ಮೀರಿರಲಿಲ್ಲ.

ಆಗ ತಕ್ಷಣ ಮುಚ್ಚಿಬಿಡುವ ಆಸೆಯಾಗುತ್ತದೆ. ಆದರೆ ಒದ್ದೆ ಮರವನ್ನು ಸೀಲಂಟಿನ ಅಡಿಯಲ್ಲಿ ಬಂಧಿಸಿದರೆ ಕೊಳೆಯುವಿಕೆ ಒಳಗೊಳಗೇ ಮುಂದುವರಿಯುತ್ತದೆ, ಮರದ ತೇವಾಂಶ ಶೇಕಡ 20ಕ್ಕಿಂತ ಮೇಲೆ ನಿಂತಷ್ಟು ಕಾಲ ಶಿಲೀಂಧ್ರಕ್ಕೆ ಅದು ಸುಗ್ಗಿ. ಕಿಂಡಿಯ ಮೇಲೆ ಟಾರ್ಪಾಲನ್ನು ಡೇರೆಯಂತೆ ಎತ್ತಿ ಕಟ್ಟಿ, ಒಳಗೆ ಫ್ಯಾನ್ ಇಟ್ಟು, ತೇವಾಂಶ ಮಾಪಕ ಮೂರು ಕಡೆ ಶೇಕಡ 15ಕ್ಕಿಂತ ಕೆಳಗೆ ತೋರಿಸುವವರೆಗೆ ಕಾದೆ. ಅದಕ್ಕೆ ಒಂಬತ್ತು ದಿನ ಹಿಡಿಯಿತು. ಕೊಳೆತ ಅಂಚನ್ನು ಕೆರೆದು ತೆಗೆದು, ಗಟ್ಟಿ ಪ್ಲೈವುಡ್ಡಿನ ಅಡಿಭಾಗಕ್ಕೆ ಹೊಸ ಮರದ ಪಟ್ಟಿಯನ್ನು ಅಂಟು ಮತ್ತು ಸ್ಕ್ರೂಗಳಿಂದ ಬಿಗಿದು, ಕೆರೆದ ಜಾಗದಲ್ಲಿ ಅದೇ ದಪ್ಪದ ತುಂಡನ್ನು ಕೂರಿಸಿದೆ. ಈಗ ಸ್ಕ್ರೂಗಳಿಗೆ ಕಚ್ಚಲು ಮರ ಸಿಕ್ಕಿತು.

ಮತ್ತೆ ಕೂರಿಸುವಾಗ ವೆಂಟಿನ ಅಂಚಿನ ಅಡಿಗೆ ಹೊಸ ಬ್ಯುಟೈಲ್ ಟೇಪನ್ನು, ಅಂದರೆ ಮೆತ್ತಗಿನ ಅಂಟು ರಬ್ಬರ್ ಪಟ್ಟಿಯನ್ನು, ತುದಿಗಳು ಒಂದನ್ನೊಂದು ಮುಟ್ಟುವಂತೆ ಸುತ್ತಿಸಿ, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಎಲ್ಲ ಬದಿಗಳಲ್ಲೂ ಟೇಪು ಹೊರಗೆ ಇಣುಕಿದಾಗ ನಿಲ್ಲಿಸಿದೆ. ಇನ್ನಷ್ಟು ಬಿಗಿದರೆ ಪ್ಲಾಸ್ಟಿಕ್ ಅಂಚು ಬಾಗಿ ಸ್ಕ್ರೂಗಳ ನಡುವೆ ಬಾಯಿ ಬಿಡುತ್ತದೆ. ನಿಜವಾಗಿ ನೀರು ತಡೆಯುವುದು ಈ ಟೇಪೇ ಎಂಬುದು ನನ್ನ ಅಭಿಪ್ರಾಯ, ಮೇಲೆ ಬಳಿಯುವ ಸೀಲಂಟ್ ಅದಕ್ಕೆ ಕೊಡೆ. ಆ ಸೀಲಂಟ್ ಇಪಿಡಿಎಂಗೆ ಹೊಂದುವ, ತಾನಾಗಿ ಹರಡಿಕೊಳ್ಳುವ ಬಗೆಯದಾಗಿರಬೇಕು. ಅದನ್ನು ಪ್ರತಿಯೊಂದು ಸ್ಕ್ರೂವಿನ ತಲೆಯೂ ಮುಳುಗುವಂತೆ, ಅಂಚಿನಿಂದ ಹಾಳೆಯ ಮೇಲಕ್ಕೂ ಎರಡು ಸೆಂಟಿಮೀಟರ್ ಚಾಚುವಂತೆ ಸುರಿದೆ. ಗೋಡೆಗೆ ಇಳಿಯುವ ಅಂಚುಗಳಲ್ಲಿ ಇದು ಹರಿದುಹೋಗುತ್ತದೆ, ಅಲ್ಲಿಗೆ ಜಾರದ ಗಟ್ಟಿ ಬಗೆಯೇ ಬೇಕು.

ಹರಿದ ಜಾಗಕ್ಕೆ ಛಾವಣಿಯ ತೇಪೆ ಟೇಪು ಸಾಕಾಯಿತು. ಸುತ್ತಲೂ ಐದು ಸೆಂಟಿಮೀಟರ್ ಹೆಚ್ಚಿರುವಂತೆ ಕತ್ತರಿಸಿ, ಎದ್ದುಬಾರದಿರಲೆಂದು ಮೂಲೆಗಳನ್ನು ದುಂಡಗೆ ಮಾಡಿ, ಬಿಳಿ ಪುಡಿ ಪೂರ್ತಿ ಹೋಗುವವರೆಗೆ ಆ ಜಾಗವನ್ನು ಒರೆಸಿ, ನಡುವಿನಿಂದ ಹೊರಕ್ಕೆ ರೋಲರ್ ಒತ್ತಿದೆ. ಒಮ್ಮೆ ಕಚ್ಚಿದ ಮೇಲೆ ಅದನ್ನು ಸರಿಸಲಾಗದು. ನನ್ನದು ತುಸು ಓರೆಯಾಗಿಯೇ ಕುಳಿತಿದೆ.

ಕೆಲವು ಗಂಟೆಗಳಲ್ಲಿ ಸೀಲಂಟಿನ ಮೇಲೆ ಪೊರೆ ಕಟ್ಟಿತಾದರೂ ಒಳಗೆ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಆದ್ದರಿಂದ ಮೂರು ದಿನ ಬಿಟ್ಟು ಅದೇ ಪೈಪು, ಅದೇ ಟಾರ್ಚು, ಅದೇ ಹದಿನೈದು ನಿಮಿಷಗಳ ಪರೀಕ್ಷೆಯನ್ನು ಮತ್ತೆ ಮಾಡಿದೆವು. ಈ ಬಾರಿ ಹಿಂಬದಿಗೆ ಅರ್ಧ ಗಂಟೆ ನೀರು ಬಿಟ್ಟರೂ ಒಳಗಿನಿಂದ ಕೂಗು ಬರಲಿಲ್ಲ. ಸೀಲಿಂಗಿನ ಕಲೆಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದಿಟ್ಟಿದ್ದೇನೆ, ಮೂರು ತಿಂಗಳಿಗೊಮ್ಮೆ ಸಂದುಗಳನ್ನು ನೋಡಲು ಏಣಿ ಹತ್ತುವ ಮೊದಲು ಅದನ್ನೊಮ್ಮೆ ನೋಡುತ್ತೇನೆ. ಕಲೆ ಇನ್ನೂ ಗೆರೆಯ ಒಳಗೇ ಇದೆ.