ಟ್ರಕ್ಕಿನಲ್ಲಿ ಪಾಲು ಜಾಗ: ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮ ಕಡೆಯವರಿಗೆ

ಬಳ್ಳಾರಿಯ ಜೀನ್ಸ್ ಬಂಡಲ್ ಹೊರ ಊರಿಗೆ ಹೋಗೋದನ್ನು ನೋಡಿದವರಿಗೆ ಇದು ಅರ್ಧ ಗೊತ್ತಿರುವ ವಿಷಯವೇ. ಟ್ರಾನ್ಸ್‌ಪೋರ್ಟ್ ಆಫೀಸಿಗೆ ಮಾಲು ಹಾಕಿ ಬಿಲ್ಟಿ ತಗೊಂಡು ಬಂದರಾಯ್ತು, ಒಂದೇ ಲಾರಿಯಲ್ಲಿ ಹತ್ತು ಜನರ ಸಾಮಾನು ಹೋಗುತ್ತದೆ. ಇಲ್ಲೂ ಅದೇ ಪದ್ಧತಿ ಇದೆ, ಎಲ್‌ಟಿಎಲ್ (ಲೆಸ್ ದ್ಯಾನ್ ಟ್ರಕ್‌ಲೋಡ್, ಟ್ರಕ್ ತುಂಬದಷ್ಟು ಮಾಲು) ಅಂತಾರೆ. ಇದು ಗೊತ್ತಿಲ್ಲದೆ ರಾಯಚೂರು, ಕೊಪ್ಪಳ ಕಡೆಯಿಂದ ಬಂದ ಎಷ್ಟೋ ಜನ ಎರಡು ಪ್ಯಾಲೆಟ್ (ಮಾಲು ಪೇರಿಸುವ ಮರದ ಹಲಗೆ ಅಡ್ಡೆ) ಸಾಮಾನಿಗೆ ಇಡೀ ಟ್ರಕ್ ಹಿಡಿಯುತ್ತಾರೆ.

ಯುಪಿಎಸ್, ಫೆಡೆಕ್ಸ್ ಪಾರ್ಸಲ್‌ನಲ್ಲಿ ಒಂದು ಪೆಟ್ಟಿಗೆ 150 ಪೌಂಡ್, ಅಂದರೆ ಸುಮಾರು 68 ಕೆಜಿ ದಾಟುವಂತಿಲ್ಲ. ಅದಕ್ಕಿಂತ ಜಾಸ್ತಿ ಇದ್ದು, ಆರು ಪ್ಯಾಲೆಟ್ ಒಳಗಿದ್ದರೆ ಎಲ್‌ಟಿಎಲ್ ನೋಡಿ. ಕಿನ್ನಾಳದ ಗೊಂಬೆ ತರಿಸಿ ಮಾರುವವರಿಗೆ, ಸಂಘದ ಹಬ್ಬಕ್ಕೆ ಸೋನಾ ಮಸೂರಿ ತರಿಸುವವರಿಗೆ ಇದೇ ಸರಿ.

ದರದ ಲೆಕ್ಕ ಮಾತ್ರ ಊರಿನ ಹಾಗಲ್ಲ. ತೂಕ, ದೂರದ ಜೊತೆ ನಿಮ್ಮ ಮಾಲು ಎಷ್ಟು ಜಾಗ ತಿನ್ನುತ್ತದೆ ಅನ್ನೋದನ್ನೂ ನೋಡುತ್ತಾರೆ. ಅದಕ್ಕೆ 50ರಿಂದ 500ರವರೆಗೆ ಕ್ಲಾಸ್ ಇದೆ. ತೂಕಕ್ಕೆ ಹೋಲಿಸಿದರೆ ಜಾಗ ಜಾಸ್ತಿ ತಿಂದಷ್ಟೂ ಕ್ಲಾಸ್ ಏರುತ್ತದೆ, ಕ್ಲಾಸ್ ಏರಿದಷ್ಟೂ ದರ ಏರುತ್ತದೆ. ಪ್ಯಾಲೆಟ್ಟಿನ ಮಾಮೂಲಿ ಅಳತೆ 48x40 ಇಂಚು. ಅದರ ಮೇಲೆ ನೆಲದಿಂದ 48 ಇಂಚು ಎತ್ತರಕ್ಕೆ ಪೇರಿಸಿದರೆ 53 ಘನ ಅಡಿ ಚಿಲ್ಲರೆ ಆಯಿತು. ತೂಕ 500 ಪೌಂಡ್ ಅಂದುಕೊಳ್ಳಿ, ಘನ ಅಡಿಗೆ 9 ಪೌಂಡ್ ಚಿಲ್ಲರೆ. ಅದು ಕ್ಲಾಸ್ 100. ಅಕ್ಕಿ ಚೀಲ ಇದಕ್ಕಿಂತ ಎಷ್ಟೋ ಕೆಳಗಿನ ಕ್ಲಾಸಿಗೆ ಬರುತ್ತದೆ. ಹತ್ತಿ ತುಂಬಿ ಪ್ಯಾಕ್ ಮಾಡಿದ ಗೊಂಬೆ ಪೆಟ್ಟಿಗೆ ಮೇಲಕ್ಕೆ ಹೋಗುತ್ತದೆ. 2025ರ ಜುಲೈನಿಂದ ಇನ್ನೂ ಬಹಳಷ್ಟು ಸಾಮಾನುಗಳನ್ನು ಈ ಲೆಕ್ಕಕ್ಕೇ ತಂದಿದ್ದಾರೆ.

ಹಾಗಾಗಿ ಟೇಪ್ ಹಿಡಿದು ಅಳೆಯಿರಿ, ಪ್ಯಾಲೆಟ್ಟನ್ನೂ ಸೇರಿಸಿ. ಅಂದಾಜಿನ ಮೇಲೆ ಬರೆದರೆ ಟ್ರಕ್ ಕಂಪನಿಯ ಟರ್ಮಿನಲ್‌ನಲ್ಲಿ ಮತ್ತೆ ತೂಗಿ, ಅಳೆದು, ಹೊಸ ಬಿಲ್ ಕಳಿಸುತ್ತಾರೆ. ಜಗಳ ಆಡಿದರೂ ಅಳತೆ ಅವರ ಕೈಯಲ್ಲಿರುತ್ತದೆ ಅಲ್ವಾ?

ಇನ್ನು ಇಳಿಸೋದು. ಎಪಿಎಂಸಿಯಲ್ಲಾದರೆ ಲಾರಿ ನಿಲ್ಲೋಕೆ ಮುಂಚೆನೇ ಹಮಾಲರು ಬಂದಿರುತ್ತಾರೆ. ಇಲ್ಲಿ ಡ್ರೈವರ್ ಒಬ್ಬನೇ, ಟ್ರೈಲರ್ ತಳ ನೆಲದಿಂದ ನಾಲ್ಕು ಅಡಿ ಮೇಲೆ. ಬುಕ್ ಮಾಡುವಾಗಲೇ ಲಿಫ್ಟ್‌ಗೇಟ್ (ಟ್ರಕ್ಕಿನ ಹಿಂದೆ ಮಾಲು ಇಳಿಸುವ ಯಂತ್ರದ ಹಲಗೆ) ಕೇಳಿರದಿದ್ದರೆ ಪ್ಯಾಲೆಟ್ ಟ್ರಕ್ಕಿನಲ್ಲೇ ಉಳಿಯುತ್ತದೆ. ಕೇಳಿದ್ದರೂ ರಸ್ತೆ ಪಕ್ಕ ಇಳಿಸಿ ಹೊರಡುತ್ತಾನೆ, ಒಳಗೆ ತರೋದು ನಿಮ್ಮ ಪಾಡು. ಲಿಫ್ಟ್‌ಗೇಟಿಗೆ ಬೇರೆ ಚಾರ್ಜ್, ಮನೆ ವಿಳಾಸಕ್ಕೆ ಬೇರೆ ಚಾರ್ಜ್. ಅಗ್ಗದ ಕೊಟೇಶನ್ ಕಂಡರೆ ಇವೆರಡೂ ಸೇರಿವೆಯಾ ಅಂತ ಮೊದಲು ನೋಡಿ.

ಸಹಿ ಹಾಕುವಾಗ ಸಂಕೋಚ ಬೇಡ. ದಾರಿಯಲ್ಲಿ ಮಾಲು ಒಂದು ಟ್ರಕ್ಕಿನಿಂದ ಇನ್ನೊಂದಕ್ಕೆ ಹೋಗುತ್ತಾ, ಪ್ರತಿ ಸಲ ಫೋರ್ಕ್‌ಲಿಫ್ಟ್ ಏಟು ತಿನ್ನುತ್ತದೆ. ಡ್ರೈವರ್ ಅವಸರ ಮಾಡಿದರೂ ಸುತ್ತ ಒಂದು ಸಲ ನೋಡಿ, ಹರಿದಿದ್ದು, ನೆನೆದಿದ್ದು, ಮೂಲೆ ಜಜ್ಜಿದ್ದು ಎಲ್ಲವನ್ನೂ ರಸೀದಿ ಮೇಲೇ ಬರೆದು ಫೋಟೋ ತೆಗೆಯಿರಿ. ಚೆನ್ನಾಗಿದೆ ಅಂತ ಸಹಿ ಹಾಕಿ ಒಳಗೆ ಒಡೆದಿದ್ದು ಆಮೇಲೆ ಕಂಡರೆ, ಸಾಮಾನ್ಯವಾಗಿ 5 ಕೆಲಸದ ದಿನದೊಳಗೆ ತಿಳಿಸಬೇಕು. ಅಷ್ಟಾದರೂ ಪರಿಹಾರ ಸಿಗೋದು ಕಷ್ಟ.

ಬಳಸಿದ ಮನೆ ಸಾಮಾನನ್ನು ತುಂಬಾ ಕಂಪನಿಗಳು ಮುಟ್ಟೋದೇ ಇಲ್ಲ. ತಗೊಂಡರೂ ಕೆಲವು ಕಂಪನಿಗಳು ಪೌಂಡಿಗೆ 10 ಸೆಂಟ್ ಲೆಕ್ಕದಲ್ಲಷ್ಟೇ ಹೊಣೆ ಹೊರುತ್ತವೆ. ತಾತನ ಕಾಲದ ತೇಗದ ತೂಗುಮಂಚ 200 ಪೌಂಡ್ ಇದ್ದು ಮುರಿದರೆ ಕೈಗೆ ಬರೋದು 20 ಡಾಲರ್. ಅಂಥದ್ದಕ್ಕೆ ಬೇರೆ ವಿಮೆ ಮಾಡಿಸಿ.

ತಲುಪುವ ದಿನ ಬರೀ ಅಂದಾಜು. ರಾಜ್ಯೋತ್ಸವಕ್ಕೆ ಬೇಕಾದ್ದನ್ನು ಕೊನೇ ವಾರಕ್ಕೆ ಇಟ್ಟುಕೊಳ್ಳಬೇಡಿ. ಪಿಕಪ್ ಟ್ರಕ್ ಇರುವ ಗೆಳೆಯರಿದ್ದರೆ ಟರ್ಮಿನಲ್‌ಗೇ ಹೋಗಿ ತನ್ನಿ, ಅಲ್ಲಿ ಫೋರ್ಕ್‌ಲಿಫ್ಟಿನಲ್ಲಿ ಅವರೇ ಇಟ್ಟುಕೊಡುತ್ತಾರೆ, ಮನೆ ಚಾರ್ಜೂ ಉಳಿಯುತ್ತದೆ. ತಡ ಮಾಡಿದರೆ ಮಾತ್ರ ಗೋಡೌನ್ ಬಾಡಿಗೆ ಬೀಳುತ್ತದೆ.