ಎಂ1 ಕಾರ್ಬೈನ್: ಕೊಳ್ಳುವ ಮುನ್ನ, ಕೊಂಡ ಮೇಲೆ

ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್‌ಪೂ (ಕೋವಿ ಹೂವು) ಮುಡಿಸಿ ಕೈಮುಗಿಯುವ ಮನೆಯಲ್ಲಿ ಬೆಳೆದವನು ನಾನು. ಒಹಾಯೊಗೆ ಬಂದು ನೆಲೆಸಿದ ಮೇಲೆ ನನ್ನ ಮನಸ್ಸು ಕದ್ದದ್ದು ಎರಡನೇ ಮಹಾಯುದ್ಧದ ಎಂ1 ಕಾರ್ಬೈನ್. ತೂಕ ಸುಮಾರು 2.4 ಕಿಲೊ, ಮ್ಯಾಗಜೀನ್ ಎಂಬ ಡಬ್ಬಿಗೆ 15 ತೋಟಾ. ಮಾರ್ಟರ್ ತಂಡದವರಿಗೆ, ರೇಡಿಯೊ ಹೊರುವವರಿಗೆ ಪಿಸ್ತೂಲಿಗಿಂತ ದೂರ ಹೊಡೆಯುವ, ರೈಫಲ್ಲಿಗಿಂತ ಹಗುರವಾದ ಆಯುಧ ಬೇಕೆಂದು ಅಮೆರಿಕದ ಸೇನೆ 1941ರಲ್ಲಿ ಇದನ್ನು ಒಪ್ಪಿಕೊಂಡಿತು. 60 ಲಕ್ಷಕ್ಕೂ ಹೆಚ್ಚು ತಯಾರಾದವು. ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಈ ಹವ್ಯಾಸದ ಆಸೆಯುಳ್ಳವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾನೂನು

ಪೌರತ್ವ ಅಥವಾ ಗ್ರೀನ್ ಕಾರ್ಡ್ ಇದ್ದರೆ ಪರವಾನಗಿ ಪಡೆದ ವ್ಯಾಪಾರಿಯ ಬಳಿ ಬಂದೂಕು ಕೊಳ್ಳುವವರು ತುಂಬಬೇಕಾದ ಸರ್ಕಾರಿ 4473 ನಮೂನೆ ತುಂಬಿ, ಹಿನ್ನೆಲೆ ಪರಿಶೀಲನೆ ಮುಗಿಸಿ ಕೊಳ್ಳಬಹುದು. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವುದೇ ಅಪರಾಧ. ಬೇಟೆ ಪರವಾನಗಿಯಂಥ ವಿನಾಯಿತಿಗಳಿದ್ದರೂ ವಕೀಲರನ್ನು ಕೇಳದೆ ಮುಂದುವರಿಯಬೇಡಿ. ಆಮೇಲೆ ರಾಜ್ಯದ ನಿಯಮ ನೋಡಿ: ನ್ಯೂಜೆರ್ಸಿಯ ನಿಷೇಧಿತ ಪಟ್ಟಿಯಲ್ಲಿ ಎಂ1 ಕಾರ್ಬೈನ್ ಮಾದರಿಯ ಹೆಸರೇ ಇದೆ. ಇನ್ನೊಂದು ಅಪಾಯವೆಂದರೆ ಇದರ ತಮ್ಮನಂತಿರುವ ಎಂ2. ಒಂದೇ ಒತ್ತಿಗೆ ಸರಣಿಯಾಗಿ ಹಾರುವ ಆ ಕಾರ್ಬೈನ್ ಕಾನೂನಿನ ಕಣ್ಣಿನಲ್ಲಿ ಮಷಿನ್‌ಗನ್. ನಳಿಗೆ ಕೂರುವ ಲೋಹದ ಚೌಕಟ್ಟಾದ ರಿಸೀವರಿನ ಮೇಲೆ ಎಂ2 ಎಂದಿದ್ದರೆ ಮುಟ್ಟದೆ ಬನ್ನಿ.

ಅಂಗಡಿಯಲ್ಲಿ ನೋಡಬೇಕಾದದ್ದು

ಮ್ಯಾಗಜೀನ್ ತೆಗೆಸಿ, ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟ್ ಹಿಂದಕ್ಕೆಳೆಸಿ, ಒಳಗೆ ತೋಟಾ ಇಲ್ಲವೆಂದು ಕಣ್ಣಾರೆ ಕಂಡ ಮೇಲಷ್ಟೇ ಕೈಗೆ ತೆಗೆದುಕೊಳ್ಳಿ. ತಯಾರಕರ ಹೆಸರು ರಿಸೀವರಿನ ಹಿಂತುದಿಯಲ್ಲಿರುತ್ತದೆ. ಹೊಂದಿಸಬಲ್ಲ ಹಿಂಗುರಿ (ಹಿಂದಿನ ಸೈಟ್) ಅದನ್ನು ಮುಚ್ಚಿರುವುದುಂಟು, ಓರೆಯಾಗಿಸಿ ನೋಡಿ. ಹೆಚ್ಚಿನವು ಜನರಲ್ ಮೋಟಾರ್ಸ್‌ನ ಇನ್‌ಲ್ಯಾಂಡ್ ವಿಭಾಗದವು. ಟೈಪ್‌ರೈಟರ್ ಮಾಡುತ್ತಿದ್ದ ಅಂಡರ್‌ವುಡ್, ಐಬಿಎಂ, ಹಾಡಿನ ಪೆಟ್ಟಿಗೆಗಳ ರಾಕ್-ಓಲಾ ಕೂಡ ಇವನ್ನು ತಯಾರಿಸಿದ್ದವು. ರಾಕ್-ಓಲಾ ಅಪರೂಪ, ಅದಕ್ಕೇ ದುಬಾರಿ.

ಒಂದೇ ಕಾರ್ಬೈನಿನಲ್ಲಿ ಮೂರು ಕಾರ್ಖಾನೆಗಳ ಭಾಗಗಳು ಕಂಡರೆ ಬೇಸರಪಡಬೇಡಿ. ಯುದ್ಧ ಮುಗಿದ ಮೇಲೆ ಸೇನೆಯ ಕಾರ್ಯಾಗಾರಗಳು ಇವನ್ನು ಬಿಚ್ಚಿ, ಸಿಕ್ಕ ಭಾಗಗಳಿಂದ ಮತ್ತೆ ಜೋಡಿಸಿದವು. ಕಾರ್ಖಾನೆಯಿಂದ ಬಂದಂತೆಯೇ ಇರುವ ಕೋವಿಗಿಂತ ಇಂಥದ್ದೇ ನನಗೆ ಹೆಚ್ಚು ಪ್ರೀತಿ: ಅದು ನಿಜವಾಗಿ ಕೆಲಸ ಮಾಡಿದೆ. ಆದರೆ ಯುದ್ಧಾನಂತರ ಖಾಸಗಿಯವರು ಮಾಡಿದ ಪ್ರತಿಕೃತಿಗಳು ಬೇರೆ. ಅವುಗಳಲ್ಲಿ ಕೆಲವಕ್ಕೆ ಸೇನೆಯ ಭಾಗಗಳು ಹೊಂದುವುದಿಲ್ಲ.

ನಳಿಗೆಯೊಳಗೆ ಬೆಳಕು ಬಿಟ್ಟು ಸುರುಳಿಗೆರೆಗಳು ಸ್ಪಷ್ಟವಿವೆಯೇ ನೋಡಿ. ಹಳೆಯ ಸ್ಪ್ರಿಂಗ್ ಕುಗ್ಗಿರುತ್ತದೆ. ಹೊಸದು ಅಗ್ಗ, ಮೊದಲೇ ಬದಲಾಯಿಸಿ. ಬೋಲ್ಟಿಗೂ ನಳಿಗೆಯಲ್ಲಿ ಕೂತ ತೋಟಾಕ್ಕೂ ನಡುವಿನ ಅಂತರವಾದ ಹೆಡ್‌ಸ್ಪೇಸನ್ನು ಬಂದೂಕು ರಿಪೇರಿ ಬಲ್ಲವರಿಂದ ಅಳೆಸದೆ ಒಂದು ಗುಂಡನ್ನೂ ಹಾರಿಸಬೇಡಿ.

ರೇಂಜಿನಲ್ಲಿ

ಕಿವಿಗೆ, ಕಣ್ಣಿಗೆ ರಕ್ಷಣೆ ಕಡ್ಡಾಯ. ಮೊದಲ ಸಲ ಮ್ಯಾಗಜೀನಿಗೆ ಎರಡೇ ತೋಟಾ ತುಂಬಿ, ಕೋವಿ ಖಾಲಿ ಕವಚವನ್ನು ಸರಿಯಾಗಿ ಹೊರದೂಡಿ ಮುಂದಿನ ತೋಟಾವನ್ನು ಸರಿಯಾಗಿ ಎತ್ತಿಕೊಳ್ಳುತ್ತದೆಯೇ ಗಮನಿಸಿ. ಒಂದು ವಿಷಯ ಮರೆಯಬಾರದು: 15ರ ಮ್ಯಾಗಜೀನಿನ ಕೊನೆಯ ಗುಂಡು ಹಾರಿದ ಮೇಲೂ ಬೋಲ್ಟ್ ಮುಚ್ಚಿಕೊಳ್ಳುತ್ತದೆ. ಖಾಲಿ ಕೋವಿ, ತುಂಬಿದ ಕೋವಿ ಎರಡೂ ನೋಡಲು ಒಂದೇ. ಆರಂಭದ ಮಾದರಿಗಳಲ್ಲಿ ಸೇಫ್ಟಿ ಗುಂಡಿಯೂ ಮ್ಯಾಗಜೀನ್ ಗುಂಡಿಯೂ ಅಕ್ಕಪಕ್ಕದಲ್ಲಿದ್ದವು. ಸೈನಿಕರು ಒಂದರ ಬದಲು ಇನ್ನೊಂದನ್ನು ಒತ್ತಿ ಮ್ಯಾಗಜೀನ್ ಬೀಳಿಸಿಕೊಳ್ಳುತ್ತಿದ್ದರು. ಮುಂದೆ ತಿರುಗುವ ಸೇಫ್ಟಿ ಬಂದದ್ದು ಇದರಿಂದಲೇ.

50 ಗಜದಲ್ಲಿ ಗುರಿ ಹೊಂದಿಸಿಕೊಂಡು 100 ಗಜಕ್ಕೆ ಹೋಗಿ. ಈರಿ ಸರೋವರದ ದಡದ ಕ್ಯಾಂಪ್ ಪೆರಿಯಲ್ಲಿ ನಡೆಯುವ ಕಾರ್ಬೈನ್ ಸ್ಪರ್ಧೆಯ ದೂರವೂ 100 ಗಜವೇ. ಭುಜಕ್ಕೆ ಬೀಳುವ ಹೊಡೆತ ಮೃದು. ಅದಕ್ಕೇ ಹೊಸಬರು ಕುದುರೆಯನ್ನು (ಟ್ರಿಗರ್) ಜಗ್ಗದೆ ನಿಧಾನವಾಗಿ ಒತ್ತುವುದನ್ನು ಇದರಲ್ಲಿ ಬೇಗ ಕಲಿಯುತ್ತಾರೆ.

ಮನೆಗೆ ಬಂದ ಮೇಲೆ

ಇಲ್ಲಿ ಅವಸರ ಬೇಡ. ಖಾಲಿ ಎಂದು ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ. ನಳಿಗೆಯನ್ನು ಮರಕ್ಕೆ ಬಿಗಿದಿರುವ ಮುಂದಿನ ಪಟ್ಟಿಯ ಸ್ಕ್ರೂ ಸಡಿಲಿಸಿ ಅದನ್ನು ಮುಂದಕ್ಕೆ ಸರಿಸಿದರೆ ನಳಿಗೆ ಮರದಿಂದ ಎದ್ದು ಬರುತ್ತದೆ. ರಿಸೀವರಿನ ಹಿಂಭಾಗ ಮುಚ್ಚಿರುವುದರಿಂದ ನಳಿಗೆಯನ್ನು ಬಾಯಿಯ ಕಡೆಯಿಂದಲೇ ತೊಳೆಯಬೇಕು. ಸರಳು ಅಂಚಿಗೆ ಉಜ್ಜಿದರೆ ಗುರಿ ಹಾಳು. ಕೋವಿಯನ್ನು ಅಡಿಭಾಗ ಮೇಲಾಗುವಂತೆ ತಲೆಕೆಳಗಾಗಿ ಇಟ್ಟು ತೊಳೆಯಿರಿ, ಆಗ ದ್ರಾವಣ ನಳಿಗೆಯಿಂದ ಪಿಸ್ಟನ್ನಿಗೆ ಅನಿಲ ಹೋಗುವ ರಂಧ್ರಕ್ಕೆ ಇಳಿಯುವುದಿಲ್ಲ. ಅನಿಲದ ಪಿಸ್ಟನ್ನಿನ ನಟ್ಟು ಬಿಚ್ಚಬೇಡಿ. ನಳಿಗೆಯನ್ನು ಹಿಂದೆ ಮುಂದೆ ವಾಲಿಸಿದಾಗ ಪಿಸ್ಟನ್ ಕಟಕಟ ಎಂದು ಓಡಾಡಿದರೆ ಅಷ್ಟು ಸಾಕು. ಬೋಲ್ಟಿನ ಕಿವಿಗಳಿಗೆ, ಸರಿಯುವ ದಾರಿಗೆ ತೆಳ್ಳಗೆ ಗ್ರೀಸ್ ಹಚ್ಚಿ.

ಮರದ ಹಿಡಿಗೆ ಅಗಸೆ ಎಣ್ಣೆಯ ಎರಡು ಹನಿ ಅಂಗೈಯಲ್ಲಿ ತಿಕ್ಕಿ ಹಚ್ಚಿ. ಮರಳು ಕಾಗದದಿಂದ ಉಜ್ಜಿ ಹೊಸದಾಗಿ ಕಾಣಿಸುವ ಆಸೆ ಬಿಡಿ. ತಪಾಸಣೆಯ ಮುದ್ರೆಗಳು ಒಮ್ಮೆ ಅಳಿಸಿದರೆ ಮರಳಿ ಬರುವುದಿಲ್ಲ. ಕೊನೆಗೆ ಎಣ್ಣೆ ಕೊಳವೆಯನ್ನು ಹಿಡಿಯ ಸೀಳಿಗೆ ಕೂರಿಸಿ. ಹೆಗಲ ಪಟ್ಟಿಯನ್ನು ಹಿಡಿದಿಡುವುದೂ ಅದೇ ಕೊಳವೆ. ಕಾರ್ಬೈನ್ ಒಂದು ಬೀಗದಲ್ಲಿರಲಿ, ತೋಟಾಗಳು ಬೇರೆ ಬೀಗದಲ್ಲಿ.